ನನ್ನ ಸೊಂಟ ಮತ್ತು ಶಿರಾದ ಹಸಿ ಹಿಟ್ಟು

ಸಾರಿನ ಕೊಪ್ಪರಿಗೆ ಇಳಿಸುವಾಗ ನನ್ನ ಸೊಂಟಕ್ಕೆ ಏನೂ ಆಗಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಕರಿಬೇವಿನ ಎಸಳು ಎತ್ತಿಕೊಳ್ಳಲು ಬಗ್ಗಿದೆ ನೋಡಿ, ಆಗ ಆಯಿತು. ಎಡಗಡೆ, ಪಂಚೆ ಕಟ್ಟುವ ಜಾಗಕ್ಕಿಂತ ಎರಡು ಬೆರಳು ಕೆಳಗೆ, ಯಾರೋ ಕಾದ ಸಲಾಕೆ ಇಟ್ಟು ತಿರುವಿದ ಹಾಗೆ. ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ಎಸಳು ಕೈಯಲ್ಲೇ ಇತ್ತು.

ಕೊರಟಗೆರೆಯ ಕಲ್ಯಾಣ ಮಂಟಪದ ಹಿತ್ತಲು ಅದು. ನಮ್ಮ ಅಡುಗೆ ಮೇಸ್ತ್ರಿ ಸೌಟು ಹಿಡಿದು ಆ ಕಡೆಯಿಂದ ಬಂದ.

"ಏನ್ಲಾ, ಅಂಗೇ ನಿಂತ್ಬುಟ್ಟೆ? ಕರಿಬೇವಿಗೆ ಅಡ್ಡಬಿದ್ದು ಹರಕೆ ಕಟ್ಕತಿದ್ದೀಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವುದಕ್ಕೂ ಸೊಂಟ ಬೇಕು ಅನ್ನುವುದು ಅವತ್ತು ಗೊತ್ತಾಯಿತು.

ನಮ್ಮದು ಮಧುಗಿರಿಯ ಅಡುಗೆ ತಂಡ. ಬೀಗರೂಟ, ನಾಮಕರಣ, ತಿಥಿ, ಏನಾದರೂ ಸರಿ, ಮೇಸ್ತ್ರಿ ಒಪ್ಪಿಕೊಂಡು ಬಂದರೆ ನಾವು ಏಳೆಂಟು ಜನ ಟೆಂಪೋ ಹತ್ತುತ್ತೇವೆ. ಅದರಲ್ಲಿ ನನ್ನ ಕೆಲಸ ಒಂದೇ. ಹಿಟ್ಟು ತಿರುವುವುದು. ಪೇಟೆಯವರು ಅದನ್ನು ರಾಗಿಮುದ್ದೆ ಅನ್ನುತ್ತಾರೆ. ನಮ್ಮ ಕಡೆ ಒಲೆಯ ಮೇಲಿದ್ದರೂ ಹಿಟ್ಟೇ, ತಟ್ಟೆಗೆ ಬಂದರೂ ಹಿಟ್ಟೇ. ಮನೆಯಲ್ಲಿ ನಾಲ್ಕು ಜನಕ್ಕೆ ತಿರುವುವುದಕ್ಕೂ ಮದುವೆಯಲ್ಲಿ ಆರುನೂರು ಜನಕ್ಕೆ ತಿರುವುವುದಕ್ಕೂ ಇರುವ ವ್ಯತ್ಯಾಸ ಹೇಳಬೇಕೆಂದರೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನೂರು ಮುದ್ದೆಗೆ ಒಂದು ದೊಡ್ಡ ಡಬರಿ. ಎಸರು ಇಟ್ಟು, ಅಕ್ಕಿ ನುಚ್ಚು ಹಾಕಿ, ಅದು ಮೆತ್ತಗಾಗುವವರೆಗೆ ಬೇಯಿಸಬೇಕು. ಒಂದು ಚೊಂಬು ತಣ್ಣೀರಿನಲ್ಲಿ ಎರಡು ಹಿಡಿ ಹಿಟ್ಟು ಕದಡಿ ಮೊದಲು ಅದನ್ನು ಬಿಡಬೇಕು. ಎಸರು ಗಂಜಿಯಂತಾಗಿ ಉಕ್ಕಿ ಬಂದಾಗ ಒಣ ಹಿಟ್ಟನ್ನು ಮಧ್ಯಕ್ಕೆ ಗೋಪುರದ ಹಾಗೆ ಸುರಿಯಬೇಕು. ಆಗ ಕಲಕಬಾರದು. ಕೋಲಿನಿಂದ ನಡುವೆ ತೂತು ಮಾಡಿ ಬಿಟ್ಟರೆ ಎಸರು ಆ ತೂತಿನಿಂದ ಮೇಲೆದ್ದು ಹಿಟ್ಟನ್ನು ತಾನೇ ಬೇಯಿಸುತ್ತದೆ. ಮೇಲಿನ ಗಂಜಿ ಸ್ವಲ್ಪ ಬಸಿದು ಪಕ್ಕಕ್ಕಿಟ್ಟುಕೊಳ್ಳಬೇಕು, ಹಿಟ್ಟು ಗಟ್ಟಿಯಾದರೆ ಮತ್ತೆ ಬಿಡಲು. ಆಮೇಲೆ ಡಬರಿ ಕೆಳಗಿಳಿಸಿ, ಕವೆಗೋಲು ಹಾಕಿ, ತಿರುವಲು ಶುರು.

ಕವೆಗೋಲು ಅಂದರೆ ಕವಲೊಡೆದ ಮರದ ಕೊಂಬೆ. ಎರಡು ತೋಳು ಡಬರಿಯ ಕಂಠವನ್ನು ಅಪ್ಪಿ ಹಿಡಿಯುತ್ತವೆ. ಹಿಂದೆ ಉದ್ದಕ್ಕೆ ಚಾಚಿದ ಬಾಲದ ಮೇಲೆ ಒಬ್ಬರು ನಿಂತರೆ ಡಬರಿ ಅಲ್ಲಾಡುವುದಿಲ್ಲ. ಇನ್ನೊಬ್ಬರು ಹಿಟ್ಟಿನ ಕೋಲು ಹಿಡಿದು, ಒತ್ತಿ, ಎಳೆದು, ಮಗುಚಿ, ಡಬರಿಯ ಗೋಡೆಗೆ ಗಂಟುಗಳನ್ನು ತಿಕ್ಕಿ ಒಡೆಯಬೇಕು. ಮುಚ್ಚಿಟ್ಟು ಹಬೆಯಲ್ಲಿ ಬಿಟ್ಟು, ಮತ್ತೊಂದು ಸಲ ತಿರುವಬೇಕು. ಎಷ್ಟು ಹೊತ್ತು? ಅದಕ್ಕೆ ಗಡಿಯಾರವಿಲ್ಲ. ನನಗೆ ಮಾತು ಕಲಿಸಿದ್ದೂ ಹಿಟ್ಟು ಕಲಿಸಿದ್ದೂ ನಮ್ಮಜ್ಜಿ. ಅವಳು ಕಿವಿ ತೋರಿಸಿ ಹೇಳುತ್ತಿದ್ದಳು: "ಅದು ಉಸಿರು ಬುಡೋ ಗಂಟ ಕೋಲು ಬುಡಬ್ಯಾಡ ಕಣ್ಲಾ." ಚೆನ್ನಾಗಿ ಬೆಂದ ಹಿಟ್ಟು ಕೋಲು ಒತ್ತಿದಾಗ ಪುಸ್ಸೆಂದು ಹಬೆ ಬಿಡುತ್ತದೆ. ಮಲಗಿದ ಎತ್ತು ಉಸಿರಾಡಿದ ಹಾಗೆ. ಆ ಸದ್ದು ಬರುವವರೆಗೆ ತಿರುವಬೇಕು.

ಇನ್ನೊಂದು ನಿಯಮವಿದೆ. ಒಣ ಹಿಟ್ಟು ಎಸರಿಗೆ ಬಿದ್ದ ಮೇಲೆ ಕೋಲು ಕೈ ಬದಲಾಯಿಸಬಾರದು. ಶುರು ಮಾಡಿದವನೇ ಮುಗಿಸಬೇಕು. ಕೈ ಬದಲಾದರೆ ಗಂಟು ಎಲ್ಲಿ ಉಳಿದಿದೆ ಎಂದು ಎರಡನೆಯವನಿಗೆ ತಿಳಿಯುವುದಿಲ್ಲ.

ಎರಡು ವರ್ಷದ ಹಿಂದಿನವರೆಗೂ ನನ್ನ ಕವೆಯ ಬಾಲದ ಮೇಲೆ ನಿಲ್ಲಲು ಒಬ್ಬ ಮುದುಕನಿದ್ದ. ಅವನಿಗೆ ಕಣ್ಣು ಮಂಜಾಗಿ ಬರುವುದು ಬಿಟ್ಟ. ಅವನ ಜಾಗಕ್ಕೆ ಮೇಸ್ತ್ರಿ ಯಾರನ್ನೂ ಹಾಕಲಿಲ್ಲ, ನಾನೂ ಕೇಳಲಿಲ್ಲ. ಬಾಲವನ್ನು ಎಡಗಾಲಿನಲ್ಲಿ ತುಳಿದುಕೊಂಡು, ಮೈ ತಿರುಚಿ ಬಲಕ್ಕೆ ಬಗ್ಗಿ, ಒಬ್ಬನೇ ತಿರುವುವುದನ್ನು ರೂಢಿ ಮಾಡಿಕೊಂಡೆ. ಜನ ಸುತ್ತ ನಿಂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. "ಒಬ್ನೇ ನೂರು ಮುದ್ದೆ ಎತ್ತುತಾನೆ ನೋಡ್ರಲಾ!" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಕೋಲು ಇನ್ನೂ ಜೋರಾಗಿ ತಿರುಗುತ್ತಿತ್ತು. ಮನುಷ್ಯನ ಬುದ್ಧಿ.

ಕೊರಟಗೆರೆಯಿಂದ ಬಂದ ಮೇಲೆ ಮಧುಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದೆ. ಫಿಲಂ ಬೆಳಕಿಗೆ ಹಿಡಿದು "ಎಲ್ಲಾ ನಾರ್ಮಲ್" ಎಂದರು. ಮಾತ್ರೆ ಕೊಟ್ಟರು. ಹತ್ತು ದಿನ ಬಿಟ್ಟು ಮತ್ತೆ ಹೋದೆ. ಮತ್ತೆ ನಾರ್ಮಲ್. ಮೂರನೇ ಸಲ ಇನ್ನೊಬ್ಬ ಡಾಕ್ಟರು, ಖಾಸಗಿಯವರು, ತುಮಕೂರಿಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಾ ಎಂದು ಚೀಟಿ ಬರೆದರು. ಹೋದೆ. ಅವರು ಹೇಳಿದ ದುಡ್ಡು ಕೇಳಿ, ಜೇಬಿನಲ್ಲಿದ್ದ ಸರ್ಕಾರದ ಆರೋಗ್ಯ ಕಾರ್ಡು ಮುಂದಿಟ್ಟೆ. ಕೌಂಟರಿನ ಹುಡುಗಿ ಒಳ್ಳೆಯವಳು, ಸಮಾಧಾನವಾಗಿ ಹೇಳಿದಳು.

"ಅಂಕಲ್, ಇದು ಅಡ್ಮಿಟ್ ಆದ್ರೆ ನಡೆಯುತ್ತೆ. ಇಂಥ ಕಾಯಿಲೆ ಅಂತ ದೊಡ್ಡಾಸ್ಪತ್ರೆಯವರು ಬರೆದುಕೊಡ್ಬೇಕು. ಸುಮ್ನೆ ಸ್ಕ್ಯಾನಿಂಗ್‌ಗೆ ಬರಲ್ಲ."

"ಏನ್ ಕಾಯಿಲೆ ಅಂತ ತಿಳೀಲಿ ಅಂತಲೇ ಅಲ್ವೇನಮ್ಮ ಸ್ಕ್ಯಾನಿಂಗು?"

"ಅದೂ ನಿಜಾನೇ ಅಂಕಲ್," ಎಂದಳು. ಅವಳು ತಾನೇ ಏನು ಮಾಡಿಯಾಳು? ಚೀಟಿ ಮಡಚಿ ಜೇಬಿಗಿಟ್ಟು ವಾಪಸ್ ಬಸ್ಸು ಹತ್ತಿದೆ.

ಇನ್ಶೂರೆನ್ಸ್ ಮಾಡಿಸಿದರೆ ಹೇಗೆ ಅಂತ ನಮ್ಮ ಬೀದಿಯ ಏಜೆಂಟನನ್ನು ಕೇಳಿದೆ. ಅವನು ಕುರ್ಚಿ ಎಳೆದು ಕೂತು ಅರ್ಧ ಗಂಟೆ ಹೇಳಿದ. ಕೊನೆಗೆ "ಈಗ ಏನಾದ್ರೂ ತೊಂದ್ರೆ ಐತಾ?" ಅಂದ. "ಸೊಂಟ" ಅಂದೆ. ಅವನ ಮುಖ ಇಳಿಯಿತು. ಮೊದಲೇ ಇರುವ ನೋವಿಗೆ ವರ್ಷಗಟ್ಟಲೆ ಕಾಯಬೇಕಂತೆ. "ಬೇರೆ ಯಾವುದಾದ್ರೂ ಹೊಸ ಕಾಯಿಲೆ ಬಂದ್ರೆ ನೋಡ್ಬಹುದು," ಎಂದು ಸಮಾಧಾನ ಹೇಳಿ ಎದ್ದ. ನನ್ನ ಹೆಂಡತಿ ಒಳಗಿನಿಂದ ಕೂಗಿದಳು: "ಇರೋದನ್ನೇ ಸಾಕೋಕಾಗ್ತಿಲ್ಲ, ಹೊಸದು ಬೇರೆ ಬೇಕಂತೆ ಇವರಿಗೆ!"

ಅಲ್ಲಿಂದ ಶುರುವಾಯಿತು ನೋಡಿ ನನ್ನ ಓಡಾಟ. ಕೂತರೆ ಐದು ನಿಮಿಷಕ್ಕೆ ಏಳಬೇಕು. ಎದ್ದರೆ ನಿಲ್ಲಲಾಗದು. ನಿಂತರೆ ನಡೆಯಬೇಕು, ನಡೆದರೆ ಗೋಡೆ ಹುಡುಕಬೇಕು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಲ್ಲುತ್ತಿದ್ದೆ. ಸಿದ್ದರಬೆಟ್ಟದ ತಪ್ಪಲಿನಲ್ಲಿ ಎಣ್ಣೆ ನೀವುವವನೊಬ್ಬನ ಬಳಿ ಮೂರು ಸಲ ನೀವಿಸಿಕೊಂಡೆ. ನೀವುವಾಗ ಸ್ವರ್ಗ, ಎದ್ದು ಅಂಗಿ ಹಾಕಿಕೊಳ್ಳುವಾಗ ಮತ್ತೆ ಅದೇ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಒಂದು ತಿಂಗಳು ಬಿಡುವು ಸಿಕ್ಕಿತು. ಬಿಡುವಿನಲ್ಲಿ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಕಾರಣ ಗೊತ್ತಿರುವ ನೋವಾದರೆ ಬೈದುಕೊಂಡಾದರೂ ಇರಬಹುದು. ಇದು ಯಾಕೆ ಬಂತು, ಯಾವಾಗ ಹೋಗುತ್ತದೆ ಎಂದು ಹೇಳದೆ ಮನೆಯಲ್ಲಿ ಬೀಡುಬಿಟ್ಟ ನೆಂಟನ ಹಾಗೆ ಕೂತಿತ್ತು.

ಮೇಸ್ತ್ರಿಗೆ ಮಾತ್ರ ಹೇಳಲಿಲ್ಲ. ಅದಕ್ಕೊಂದು ಕಾರಣವಿತ್ತು. ಅವನು ಯಾವುದೋ ಮಠದ ಅಡುಗೆಮನೆಯಲ್ಲಿ ಹಿಟ್ಟು ತಿರುವುವ ಮೆಷೀನ್ ನೋಡಿಕೊಂಡು ಬಂದಿದ್ದ. ಬಂದಾಗಿನಿಂದ ಅದೇ ಮಾತು. "ಗುಂಡಿ ಒತ್ತಿದ್ರೆ ಸಾಕು ಕಣ್ಲಾ, ಗುಡುಗುಡು ಅಂತ ತಿರುಗ್ತೈತೆ. ಅದಕ್ಕೆ ಕಾಫಿ ಬೇಡ, ಬೀಡಿ ಬೇಡ, ಸೊಂಟ ಇಲ್ಲ ನೋವಿಲ್ಲ." ತಮಾಷೆಗೆ ಹೇಳಿದ್ದೇ ಇರಬಹುದು. ಆದರೆ ಹಿಟ್ಟಿನ ಕೋಲು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಈ ವಯಸ್ಸಿನಲ್ಲಿ ಈರುಳ್ಳಿ ಹೆಚ್ಚಲು ಕೂತರೆ ಕೂರುವುದಕ್ಕೂ ಸೊಂಟ ಬಿಡುವುದಿಲ್ಲ. ಅಂಗಡಿಯಲ್ಲಿ ಸೊಂಟದ ಬೆಲ್ಟು ಕೊಂಡು ಅಂಗಿಯೊಳಗೆ ಬಿಗಿದುಕೊಂಡೆ. ಕೆಲಸಕ್ಕೆ ಮುಂಚೆ ಎರಡು ಮಾತ್ರೆ. ಹೊಟ್ಟೆ ಉರಿಯುತ್ತಿತ್ತು, ಮಜ್ಜಿಗೆ ಕುಡಿಯುತ್ತಿದ್ದೆ.

ಹೀಗೇ ಶಿರಾಕ್ಕೆ ಹೋದೆವು. ಬೀಗರೂಟ. ನಾಲ್ಕು ಡಬರಿ ಹಿಟ್ಟು. ಎಸರಿಗೆ ಹಿಟ್ಟು ಸುರಿಯುತ್ತಿದ್ದವಳು ನಮ್ಮ ತಂಡದ ಹೆಂಗಸು, ಶಿರಾ ರಸ್ತೆಯ ಪಕ್ಕದ ಹಳ್ಳಿಯವಳು, ಕುರಿ ಸಾಕುವ ಮನೆತನದವಳು. ಐದು ವರ್ಷದಿಂದ ನನ್ನ ಡಬರಿಗೆ ಹಿಟ್ಟು ಸುರಿದವಳು ಆಕೆಯೇ. ನನ್ನನ್ನು ಅಣ್ಣ ಅನ್ನುತ್ತಿದ್ದಳು. ಮೊದಲ ಎರಡು ಡಬರಿ ಹೇಗೋ ಆಯಿತು. ಮೂರನೆಯದಕ್ಕೆ ನಾಲ್ಕು ಸುತ್ತು ಕೋಲು ಹಾಕಿದ್ದೆ, ಸೊಂಟ ಹಿಡಿದುಬಿಟ್ಟಿತು. ಮುಂದೆ ಐದಾರು ಜನ ಮೊಬೈಲು ಹಿಡಿದು ನಿಂತಿದ್ದರು. ನಾನು ಮುಖ ಬದಲಿಸದೆ ಮೇಲೆ ಮೇಲೆ ಇನ್ನೆರಡು ಸುತ್ತು ತಿರುವಿ, "ಆಯ್ತು, ಮುಚ್ರಪ್ಪ" ಅಂದುಬಿಟ್ಟೆ. ಉಸಿರಿನ ಸದ್ದು ಬಂದಿರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕನೆಯದನ್ನೂ ಹಾಗೇ ಮುಗಿಸಿದೆ.

ಎರಡನೇ ಪಂಕ್ತಿಯಲ್ಲಿ ಗಂಡಿನ ಸೋದರಮಾವ ಮುದ್ದೆ ಮುರಿದ. ಒಳಗೆ ಒಣ ಹಿಟ್ಟಿನ ಗೋಲಿ. ಪಕ್ಕದವನು ಮುರಿದ, ಅಲ್ಲೂ ಗೋಲಿ. ಪಾತ್ರೆ ಬಾಡಿಗೆಗೆ ಕೊಟ್ಟಿದ್ದ ಸಾಬರು ಹಿತ್ತಲಿಗೆ ಓಡಿ ಬಂದು, "ಅರೆ ಭಾಯ್, ಕ್ಯಾ ಕಿಯಾ? ಹಿಟ್ಟು ಪೂರಾ ಕಚ್ಚಾ ಐತೆ ಅಂತ ಅಲ್ಲಿ ಗಲಾಟೆ!" ಎಂದರು. ಮೇಸ್ತ್ರಿ ಒಳಗೆ ಹೋಗಿ ಕೈಮುಗಿದು, ಅನ್ನ ಬಡಿಸಿ, ಬೈಸಿಕೊಂಡು ಬಂದ. ಬಂದವನು ನನ್ನ ಮುಂದೆ ನಿಂತ.

"ಯಾಕ್ಲಾ ಹಿಂಗಾಯ್ತು?"

ಆಗ ನನ್ನ ಬಾಯಿಂದ ಬಂದ ಮಾತು ಇದು: "ಹಿಟ್ಟು ಒಂದೇ ಸಲಕ್ಕೆ ಸುರಿದ್ಬುಟ್ಟಳು ಅನ್ಸುತ್ತೆ."

ಅನ್ಸುತ್ತೆ. ಆ ಒಂದು ಮಾತು ಸೇರಿಸಿದ್ದರಿಂದ ಸುಳ್ಳು ಹಗುರವಾಯಿತು ಅಂದುಕೊಂಡೆ. ಮೇಸ್ತ್ರಿ ಆಕೆಯ ಕಡೆ ತಿರುಗಿ ಬಾಯಿಗೆ ಬಂದ ಹಾಗೆ ಬೈದ. ಆಕೆ ಕೈಗೆ ಅಂಟಿದ್ದ ಹಿಟ್ಟನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು. ಡಬರಿಯ ಪಕ್ಕದಲ್ಲೇ ನಿಂತಿದ್ದವಳು, ಎಷ್ಟು ಸುತ್ತು ತಿರುವಿದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಆಯ್ತು ಬುಡಿ ಮೇಸ್ತ್ರಿ," ಎಂದಳು. ಅಷ್ಟೇ. ಮುಂದಿನ ಕೆಲಸಕ್ಕೆ ಅವಳನ್ನು ಕರೆಯಲಿಲ್ಲ. ಅದರ ಮುಂದಿನದಕ್ಕೂ ಕರೆಯಲಿಲ್ಲ.

ನೋವಿನ ಜೊತೆಗೆ ಇದೊಂದು ಸೇರಿಕೊಂಡಿತು. ಈಗ ಎಲ್ಲಿ ಕೂತರೂ ಏಳಬೇಕಾಗುತ್ತಿದ್ದುದು ಸೊಂಟದ ದೆಸೆಯಿಂದಲೋ ಇದರ ದೆಸೆಯಿಂದಲೋ ತಿಳಿಯುತ್ತಿರಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಅಲ್ಲಪ್ಪ, ನಿನ್ ಸೊಂಟಕ್ಕೇನೋ ಆಗೈತೆ, ಒಪ್ಕತೀನಿ. ನಾಲಗೆಗೇನಾಗಿತ್ತು?" ಎಂದಳು. ಎದ್ದು ಬೀದಿಯ ತುದಿವರೆಗೆ ಹೋಗಿ ಬಂದೆ.

ಕಾಲಿಗೆ ಜೋಮು ಇಳಿದ ಹಾಗಾಗಿ ಮತ್ತೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಈ ಸಲ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಇದ್ದರು. ಎಕ್ಸ್‌ರೇ ಪಕ್ಕಕ್ಕಿಟ್ಟು, ಮಲಗಿಸಿ ಕಾಲೆತ್ತಿಸಿ, ಪಾದಕ್ಕೆ ಚುಚ್ಚಿ ನೋಡಿ, ಕೇಳಿದರು.

"ಏನ್ ಕೆಲಸ ಮಾಡ್ತೀರಿ?"

"ಹಿಟ್ಟು ತಿರುವ್ತೀನಿ ತಾಯಿ."

"ಹೇಗೆ? ಮಾಡಿ ತೋರಿಸಿ."

ನಾನು ಸುತ್ತ ನೋಡಿದೆ. ಬಾಗಿಲ ಬಳಿ ಸರದಿಯಲ್ಲಿ ಕೂತಿದ್ದ ಅಜ್ಜನ ಕೈಯಲ್ಲಿ ಊರುಗೋಲಿತ್ತು. "ಅಜ್ಜ, ಒಂದ್ ಗಳಿಗೆ ಕೊಡು," ಎಂದು ಇಸಿದುಕೊಂಡು, ಕಸದ ಬಕೆಟ್ಟನ್ನು ಮುಂದಿಟ್ಟುಕೊಂಡು, ಎಡಗಾಲಿನಲ್ಲಿ ಇಲ್ಲದ ಕವೆಯ ಬಾಲ ತುಳಿದು, ಬಲಕ್ಕೆ ಬಗ್ಗಿ ತಿರುವಿ ತೋರಿಸಿದೆ. ನೋವಿಗೆ ನಿಧಾನ ಮಾಡಿದೆ. ಸರದಿಯ ಜನವೆಲ್ಲ ಇಣುಕಿದರು. ಅಜ್ಜನಿಗೆ ತಡೆಯಲಾಗಲಿಲ್ಲ.

"ಥೂ, ಅಂಗಲ್ಲ ಕಣ್ಲಾ! ಅಂಗೆ ಮೇಲ್ಮೇಲೆ ತಿರುವಿದ್ರೆ ಒಳಗೆಲ್ಲ ಹಸಿ ಉಳೀತದೆ!"

ಎಲ್ಲರೂ ನಕ್ಕರು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕೋಲು ವಾಪಸ್ ಕೊಟ್ಟೆ.

ಡಾಕ್ಟರಮ್ಮ ನಗಲಿಲ್ಲ. "ಇದರಿಂದಲೇ ನೋವು ಬಂದಿದೆ ಅಂತ ನಾನು ಬರೆದುಕೊಡೋಕಾಗಲ್ಲ," ಎಂದರು. "ಇರಬಹುದು, ಇಲ್ಲದೇನೂ ಇರಬಹುದು. ಎಷ್ಟೋ ಬೆನ್ನುನೋವಿಗೆ ಕಾರಣ ಸಿಗೋದೇ ಇಲ್ಲ. ಈಗಲೇ ಸ್ಕ್ಯಾನಿಂಗ್‌ಗೆ ಓಡಬೇಡಿ. ಕಾಲು ಸೋತರೆ, ಕೂರುವ ಜಾಗ ಮರಗಟ್ಟಿದರೆ, ಒಂದಕ್ಕೆ ಎರಡಕ್ಕೆ ಕಟ್ಟಿದರೆ ಅಥವಾ ತಡೆಯೋಕಾಗದೆ ಹೋದರೆ ಅವತ್ತೇ ಬನ್ನಿ, ಒಂದು ಗಂಟೆನೂ ತಡ ಮಾಡಬೇಡಿ. ಮಾತ್ರೆ ನುಂಗಿಕೊಂಡು ಕೆಲಸ ಮಾಡೋದು ಬಿಡಿ. ನಡೀರಿ, ಓಡಾಡಿ, ಆದ್ರೆ ಹೀಗೆ ತಿರುಚಿ ಬಗ್ಗಬೇಡಿ."

"ತಿರುವದೆ ಇದ್ರೆ ಹೊಟ್ಟೆಗೆ ತಾಯಿ?"

"ನಿಮ್ಮಲ್ಲಿ ಬೇರೆ ಯಾರಿಗೂ ತಿರುವೋಕೆ ಬರಲ್ವಾ?"

ಕೇಳಿದ್ದು ಸಹಜವಾಗಿಯೇ. ಆದರೆ ಆ ಪ್ರಶ್ನೆ ಆಸ್ಪತ್ರೆಯ ಗೇಟು ದಾಟಿದರೂ ಬಿಡಲಿಲ್ಲ. ಬರುತ್ತಿತ್ತು. ಹದಿನೇಳು ಜನರ ಕೂಡುಮನೆಗೆ ಎರಡು ಹೊತ್ತು ಹಿಟ್ಟು ತಿರುವಿ ಬೆಳೆದವಳೊಬ್ಬಳಿಗೆ ಬರುತ್ತಿತ್ತು. ಮನೆಯಲ್ಲಿ ಜನ್ಮವಿಡೀ ಹಿಟ್ಟು ತಿರುವುವವರು ಹೆಂಗಸರು. ಶಾಮಿಯಾನ ಹಾಕಿದ ಕೂಡಲೇ ಕೋಲು ಗಂಡಸಿನ ಕೈಗೆ ಹೋಗುತ್ತದೆ. ಯಾಕೆ ಅಂತ ನಾನಾಗಲಿ ಮೇಸ್ತ್ರಿಯಾಗಲಿ ಎಂದೂ ಕೇಳಿಕೊಂಡಿರಲಿಲ್ಲ.

ಮಾರನೆಯ ದಿನ ಅವಳ ಊರಿಗೆ ಹೋದೆ. ಹುಣಸೆಹಣ್ಣಿನ ಕಾಲ. ಮಂಡಿಯವರೊಬ್ಬರ ಕಣದಲ್ಲಿ ಹೆಂಗಸರು ಸಾಲಾಗಿ ಕೂತು ಹಣ್ಣು ಬಡಿದು ಬೀಜ ಬಿಡಿಸುತ್ತಿದ್ದರು. ಟಕಟಕ ಸದ್ದು. ಅವಳೂ ಇದ್ದಳು. ನನ್ನನ್ನು ನೋಡಿದಳು, ಬಡಿಯುವುದನ್ನು ನಿಲ್ಲಿಸಲಿಲ್ಲ.

"ಬಾರಣ್ಣ. ಏನ್ ಇಷ್ಟು ದೂರ?"

"ನಿನ್ನ ಹತ್ರ ಮಾತಾಡ್ಬೇಕಿತ್ತು ಕಣಮ್ಮ."

"ಮಾತಾಡು. ಕಿವಿ ಬುಡುವಾಗೇ ಐತೆ."

ಪಕ್ಕದ ಹೆಂಗಸರೆಲ್ಲ ಕಿವಿ ಬಿಡುವು ಮಾಡಿಕೊಂಡರು. ನಾನು ನಿಂತಲ್ಲೇ ಒಂದು ಕಾಲಿಂದ ಇನ್ನೊಂದಕ್ಕೆ ಜರುಗುತ್ತಾ ಹೇಳಿದೆ. ಸೊಂಟದ ವಿಷಯ, ಬೆಲ್ಟಿನ ವಿಷಯ, ಶಿರಾದಲ್ಲಿ ನಾನು ಆಡಿದ ಮಾತಿನ ವಿಷಯ. ಅವಳು ಒಂದು ಹಣ್ಣು ಬಡಿದು, ಬೀಜ ತೆಗೆದು, ಬುಟ್ಟಿಗೆ ಹಾಕಿದಳು.

"ನಿನ್ ಸೊಂಟ ನೋಯ್ತೈತೆ ಅಂತ ನಂಗೆ ಸಂಕ್ರಾಂತಿಗೆ ಮುಂಚೆನೇ ಗೊತ್ತು. ಕೋಲು ಹಿಡಿಯೋ ಮುಂಚೆ ಹಲ್ಲು ಕಡೀತಿದ್ದೆ. ಹೇಳ್ಕತಾನೆ ಹೇಳ್ಕತಾನೆ ಅಂತ ನೋಡ್ದೆ. ಹೇಳ್ಕಂಡೆ, ನನ್ ಹೆಸರೇಳಿ."

ಕಾಲ ಬಳಿ ಉರುಳಿ ಬಂದ ಹುಣಸೆ ಬೀಜವನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದೆ.

"ಇಲ್ಲಿ ನಂಗೆ ಹೇಳಿದ್ರೆ ಏನ್ ಬಂತಣ್ಣ? ನಂಗೆ ಗೊತ್ತಿರೋದೇ. ಗೊತ್ತಿಲ್ಲದಿರೋನು ಮೇಸ್ತ್ರಿ."

ಅದನ್ನೇ ಮಾಡಲಾಗದೆ ಅಲ್ಲಿಗೆ ಬಂದಿದ್ದೆ. ಅವಳಿಗೆ ಅದೂ ತಿಳಿದಿತ್ತು.

ನಾಗಲಮಡಿಕೆಯ ಕಡೆ ಒಂದು ಬೀಗರೂಟ ಒಪ್ಪಿಕೊಂಡಿದ್ದೆವು. ಆರುನೂರು ಜನ, ಆರು ಡಬರಿ. ಮೇಸ್ತ್ರಿಗೆ ಫೋನು ಮಾಡಿ, "ಕೈ ಸಾಲಲ್ಲ, ಆಯಮ್ಮನ್ನ ಕರೀ" ಎಂದೆ. "ಆ ಗಂಟಿನಮ್ಮನ್ನಾ?" ಎಂದ. ಅಲ್ಲೇ ಹೇಳಿಬಿಡಬೇಕಿತ್ತು. ಹೇಳದೆ ಫೋನು ಇಟ್ಟೆ. ಬೇರೆ ಯಾರೂ ಸಿಗದೆ ಅವನೇ ಕರೆದ, ಹಿಟ್ಟು ಮುಟ್ಟಬಾರದು ಎಂಬ ಕಟ್ಟಪ್ಪಣೆ ಮಾಡಿ.

ಟೆಂಪೋ ತುಂಬ ಪಾತ್ರೆ. ನಾವು ಎರಡು ಮೂರು ಜನ ಬಸ್ಸಿನಲ್ಲಿ ಹೊರಟೆವು. ಮಧುಗಿರಿಯಿಂದ ಪಾವಗಡದವರೆಗೂ ನಾನು ನಿಂತೇ ಇದ್ದೆ. ಅರ್ಧ ಬಸ್ಸು ಖಾಲಿ.

"ಕೂತ್ಕೊಳ್ಳಣ್ಣ," ಎಂದಳು ಅವಳು ಒಮ್ಮೆ.

"ನಿಂತ್ರೇ ಹಾಯಾಗೈತೆ ಕಣಮ್ಮ."

ಅವಳು ಕಿಟಕಿಯಾಚೆ ತಿರುಗಿದಳು. ಬಂಡೆ, ಕಡಲೆಕಾಯಿ ಕಿತ್ತ ಹೊಲ, ಮತ್ತೆ ಬಂಡೆ. ಬಸ್ಸು ಹಾರಿದಾಗಲೆಲ್ಲ ನಾನು ಕಂಬಿಗೆ ನೇತುಬೀಳುತ್ತಿದ್ದೆ. ಮಾತ್ರೆ ನುಂಗಿರಲಿಲ್ಲ. ಡಾಕ್ಟರಮ್ಮ ಹೇಳಿದ್ದರು ಎಂದಲ್ಲ, ಮಾತ್ರೆಯನ್ನು ಮನೆಯಲ್ಲೇ ಮರೆತಿದ್ದೆ.

ಆ ಮನೆಯ ಹಿತ್ತಲಲ್ಲಿ ಬೇವಿನ ಮರದ ನೆರಳಿಗೆ ಒಲೆ ಹೂಡಿದೆವು. ಕುರಿ ಸಾರು ಒಂದು ಕಡೆ ಕುದಿಯುತ್ತಿತ್ತು. ಹನ್ನೊಂದರ ಹೊತ್ತಿಗೆ ಮೊದಲ ಡಬರಿಯ ಎಸರು ಕಾಯತೊಡಗಿತು. ಮನೆಯ ಹಿರಿಯ ಅವ್ವ ಕೋಲೂರಿಕೊಂಡು ಬಂದು ಹಿಟ್ಟಿನ ಚೀಲದ ಮೇಲೆ ಕೈಯಿಟ್ಟಳು. ಆ ಕಡೆಯವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಹಿಟ್ಟು ಅವರಿಗೆ ಸಂಗಟಿ.

"ನಾಯನಾ, ಇದು ನಮ್ ಹೊಲದ ರಾಗಿ. ಸಂಗಟಿ ಮೆತ್ತಗ ಇರಬೇಕು. ಬೀಗರ ತಾತಂಗೆ ಒಂದು ಹಲ್ಲೂ ಲೇದು."

"ಹಿಟ್ಟು ನುಂಗೋಕೆ ಹಲ್ಲ್ಯಾಕವ್ವ?" ಎಂದ ಮೇಸ್ತ್ರಿ.

"ಹಸಿ ಆದ್ರೆ ನಿನ್ ಹಲ್ಲೇ ಉದುರಿಸ್ತೀನಿ," ಎಂದು ಅವ್ವ ಹೋದಳು.

ನುಚ್ಚು ಬೆಂದಿತ್ತು. ನಾನು ಕೋಲು ಹಿಡಿದು ನಿಂತೆ. ಮನಸ್ಸಿನಲ್ಲಿ ಲೆಕ್ಕ ನಡೆಯುತ್ತಿತ್ತು. ಮೊದಲನೆಯದು ಆಗುತ್ತದೆ. ಎರಡನೆಯದೂ ಹಲ್ಲು ಕಚ್ಚಿದರೆ ಆದೀತು. ಮೂರನೆಯದು? ಆರು? ಮೂರನೆಯದು ಹಸಿಯಾದರೆ ಮತ್ತೆ ಯಾರಾದರೂ ಒಬ್ಬರು ಬೇಕು. ಅವಳು ಆ ಕಡೆ ಗೋಣಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಕದಡಿದ ಹಿಟ್ಟು ಬಿಟ್ಟೆ. ಗಂಜಿ ಉಕ್ಕಲು ಶುರುವಾಯಿತು. ಒಣ ಹಿಟ್ಟಿನ ಮೊರ ಎತ್ತಿಕೊಂಡು ಒಬ್ಬ ಬಂದು ನಿಂತ. ಅದು ಬಿದ್ದರೆ ಮುಗಿಯಿತು, ಆಮೇಲೆ ಕೋಲು ಕೈ ಬದಲಾಗುವಂತಿಲ್ಲ.

"ತಡೀ," ಎಂದೆ. "ಮೇಸ್ತ್ರಿ, ಇಲ್ಲಿ ಬಾ. ಹಿಟ್ಟು ಹಾಕೋ ಮುಂಚೆ ಒಂದ್ ಮಾತು."

"ಉಕ್ತಾ ಐತಲ್ಲೋ, ಈಗೇನ್ಲಾ ಮಾತು?"

"ಶಿರಾದಲ್ಲಿ ಹಿಟ್ಟು ಹಸಿಯಾಗಿದ್ದು ನನ್ನಿಂದ. ಆಯಮ್ಮ ಸರಿಯಾಗೇ ಸುರಿದಿದ್ಲು. ನಾನೇ ತಿರುವಲಿಲ್ಲ. ತಿರುವೋಕಾಗ್ಲಿಲ್ಲ." ಅಂಗಿ ಎತ್ತಿ ಬೆಲ್ಟು ತೋರಿಸಿದೆ. "ಕೊರಟಗೆರೆಯಿಂದ ಹಿಂಗೇ ಐತೆ. ಎಕ್ಸ್‌ರೇಲಿ ಏನೂ ಇಲ್ಲ. ಇವತ್ತೂ ನನ್ ಕೈಲಿ ಆರು ಡಬರಿ ಆಗಲ್ಲ."

ಮೇಸ್ತ್ರಿ ಬೆಲ್ಟನ್ನೂ ನನ್ನ ಮುಖವನ್ನೂ ನೋಡಿದ.

"ಥೂ ನಿನ್ನ. ಅದಕ್ಕೆ ಆಯಮ್ಮನ್ನ ನನ್ ಬಾಯಿಗೆ ಹಾಕ್ದ್ಯಾ?"

"ಹೂಂ."

"ಈಗ ಆರುನೂರು ಜನಕ್ಕೆ ನಾನು ತಿರುವ್ಲಾ? ಆ ಮುದುಕಿ ಹಲ್ಲುದುರಿಸ್ತಾಳೆ."

"ಆಯಮ್ಮ ತಿರುವ್ತಾಳೆ."

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. "ನನ್ನ ಯಾರಾದ್ರೂ ಕೇಳಿದ್ರಾ?" ಎಂದಳು.

ಮೇಸ್ತ್ರಿ ಅವಳ ಕಡೆ ತಿರುಗಿದ. ಅವನು ಯಾರನ್ನೂ ಕೇಳಿ ಗೊತ್ತಿದ್ದವನಲ್ಲ. ಕೈಯಲ್ಲಿದ್ದ ಸೌಟು ಪಕ್ಕಕ್ಕಿಟ್ಟು, "ತಿರುವ್ತೀಯೇನಮ್ಮ?" ಎಂದ. "ಶಿರಾದ್ದು... ಆಯ್ತು ಬುಡು, ನಂದೂ ತಪ್ಪೈತೆ. ನಿನ್ನೊಂದ್ ಮಾತು ಕೇಳ್ಬೇಕಿತ್ತು."

ಅವಳು ಎದ್ದು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಬರಿಯ ಹತ್ತಿರ ಬಂದು ಗಂಜಿ ನೋಡಿದಳು, ಉರಿ ತಗ್ಗಿಸಲು ಹೇಳಿದಳು. ಒಣ ಹಿಟ್ಟನ್ನು ತಾನೇ ಸುರಿದು, ಕೋಲು ಚುಚ್ಚಿ, ಮುಚ್ಚಿದಳು. ಬೇಯುವವರೆಗೆ ಕವೆಗೋಲನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದನ್ನ ಒಂದೇ ಕಾಲಲ್ಲಿ ತುಳ್ಕಂಡು ತಿರುವ್ತಿದ್ದಲ್ಲ, ಇದು ಹಿಟ್ಟು ತಿರುವೋದಾ, ದೊಂಬರಾಟನಾ? ಬಾಲದ ಮ್ಯಾಲೆ ಒಬ್ರು ನಿಂತ್ಕೊಬೇಕು. ನೀನೇ ನಿಂತ್ಕೊ ಬಾ."

"ಅವನ ಸೊಂಟ?" ಎಂದ ಮೇಸ್ತ್ರಿ.

"ಬಗ್ಗೋಕಾಗಲ್ಲ ಅಷ್ಟೇ ತಾನೆ? ನೆಟ್ಟಗೆ ನಿಂತ್ಕೊಳ್ಳಲಿ. ನಂಗೆ ಬೇಕಾಗಿರೋದು ಅವನ ಭಾರ."

ಡಬರಿ ಇಳಿಸಿದರು. ಕವೆಯ ತೋಳುಗಳು ಕಂಠಕ್ಕೆ ಕೂತವು. ನಾನು ಬಾಲದ ಮೇಲೆ ಎರಡೂ ಕಾಲಿಟ್ಟು ನಿಂತೆ. ಅವಳು ಎದುರು ನಿಂತು ಕಾಲು ಅಗಲಿಸಿ ಕೋಲು ಇಳಿಸಿದಳು. ಮೊದಲ ಎಳೆತಕ್ಕೆ ಡಬರಿ ಇಡೀ ನನ್ನ ಪಾದಗಳನ್ನು ಮೇಲೆತ್ತಿದ ಹಾಗಾಯಿತು. ಅಭ್ಯಾಸ ಬಲದಿಂದ ನಾನು ಒಂದು ಕಾಲಿಗೆ ಜರುಗಿದೆ. ಕವೆ ಸಡಿಲವಾಯಿತು, ಡಬರಿ ಹೊರಳಿತು.

"ಅಲ್ಲಾಡಬ್ಯಾಡ ಕಣಣ್ಣ!"

ನಾಲ್ಕು ತಿಂಗಳಿಂದ ಒಂದು ಜಾಗದಲ್ಲಿ ಐದು ನಿಮಿಷ ನಿಂತವನಲ್ಲ ನಾನು. ಹಿಮ್ಮಡಿ ಊರಿದೆ, ಎರಡೂ ಕಾಲಿಗೆ ಸಮ ಭಾರ ಬಿಟ್ಟೆ, ಬೇವಿನ ಮರದ ಒಂದು ಗಂಟನ್ನು ನೋಡುತ್ತಾ ನಿಂತೆ. ಸಲಾಕೆ ತಿರುಗಿತು. ತಿರುಗಲಿ ಅಂದುಕೊಂಡೆ. ಅವಳು ಒತ್ತುತ್ತಿದ್ದಳು, ಎಳೆಯುತ್ತಿದ್ದಳು, ಗೋಡೆಗೆ ತಿಕ್ಕುತ್ತಿದ್ದಳು. ನನ್ನ ಹಾಗೆ ಸೊಂಟದಿಂದಲ್ಲ, ಮೊಣಕಾಲು ಮಡಚಿ, ಭುಜದಿಂದ. ನಮ್ಮಜ್ಜಿ ತಿರುವುತ್ತಿದ್ದುದೂ ಹಾಗೇ. ಮರೆತುಹೋಗಿತ್ತು ನನಗೆ.

ಹುಡುಗರು ಮೊಬೈಲು ಹಿಡಿದು ಬಂದರು. "ಆಯಮ್ಮನ್ನ ಹಿಡೀರಪ್ಪ," ಎಂದೆ.

ಸ್ವಲ್ಪ ಹೊತ್ತಿಗೆ ಕೋಲಿನ ಬುಡದಿಂದ ಪುಸ್ಸೆಂದು ಬಂತು. ಮಲಗಿದ ಎತ್ತಿನ ಉಸಿರು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಕೇಳುಸ್ತಾ?" "ಕೇಳುಸ್ತು" ಎಂದೆ. ಮುಚ್ಚಿದರು, ಎರಡನೇ ಡಬರಿ ಬಂತು.

ಆರೂ ಡಬರಿ ಆದವು. ನಾಲ್ಕನೆಯದರ ಹೊತ್ತಿಗೆ ನ‌ನ್ನ ಸೊಂಟದ ಸಲಾಕೆ ಚೆನ್ನಾಗಿ ಕಾದಿತ್ತು, ಒಂದು ಡಬರಿ ಮುಚ್ಚಿ ಇನ್ನೊಂದು ಬರುವಷ್ಟರಲ್ಲಿ ಮರದ ಸುತ್ತ ನಡೆದು ಬಂದೆ. ಹಲ್ಲಿಲ್ಲದ ತಾತ ಎರಡು ಮುದ್ದೆ ಉಂಡನೆಂದು ಅವ್ವ ಬಂದು ಹೇಳಿದಳು, ನನಗಲ್ಲ, ತಿರುವಿದವಳಿಗೆ. ಅವಳ ತಲೆಯ ಮೇಲೆ ಕೈಯಿಟ್ಟು ತೆಲುಗಿನಲ್ಲಿ ಏನೋ ಅಂದಳು. ಅವಳು ಮುಖ ಆ ಕಡೆ ತಿರುಗಿಸಿ ಕೈ ತೊಳೆದುಕೊಂಡಳು.

ಮೇಸ್ತ್ರಿ ಮೆಷೀನಿನ ಮಾತು ತೆಗೆಯುವುದನ್ನು ಬಿಟ್ಟಿಲ್ಲ. ಆದರೆ ಕೆಲಸ ಒಪ್ಪಿಕೊಳ್ಳುವಾಗ ಈಗ "ಹಿಟ್ಟಿಗೆ ಇಬ್ಬರು" ಎಂದೇ ಹೇಳುತ್ತಾನೆ. ಮೊನ್ನೆ ಯಾರೋ ಫೋನಿನಲ್ಲಿ, "ಒಬ್ನೇ ತಿರುವ್ತಾನಲ್ಲ, ವಿಡಿಯೋದಲ್ಲಿರೋನು, ಅವನು ಬರ್ತಾನಾ?" ಎಂದು ಕೇಳಿದರಂತೆ. "ಬರ್ತಾನೆ. ಬಂದು ಸುಮ್ನೆ ನಿಂತ್ಕತಾನೆ," ಎಂದನಂತೆ ಮೇಸ್ತ್ರಿ.

ನೋವು ಹೋಗಿದೆಯೇ ಎಂದು ಕೇಳುತ್ತಾರೆ. ಪೂರ್ತಿ ಹೋಗಿಲ್ಲ. ಅದರ ಹೆಸರೂ ಇನ್ನೂ ಗೊತ್ತಾಗಿಲ್ಲ. ಎಂಆರ್‌ಐ ಚೀಟಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ, ಡಾಕ್ಟರಮ್ಮ ಹೇಳಿದ ಲಕ್ಷಣಗಳನ್ನು ಹೆಂಡತಿ ಬಾಯಿಪಾಠ ಮಾಡಿಕೊಂಡಿದ್ದಾಳೆ. ಬಸ್ಸಿನಲ್ಲಿ ಈಗಲೂ ನಿಂತೇ ಹೋಗುತ್ತೇನೆ. ಮನೆಯಲ್ಲಿ ಕೂತಲ್ಲಿ ಕೂರುವುದಿಲ್ಲ. ಕವೆಯ ಬಾಲದ ಮೇಲೆ ಮಾತ್ರ, ಆಯಮ್ಮ ಕೋಲು ಇಳಿಸಿದಾಗಿನಿಂದ ಹಿಟ್ಟು ಉಸಿರು ಬಿಡುವವರೆಗೆ, ಅಲ್ಲಾಡದೆ ನಿಲ್ಲುತ್ತೇನೆ.